ಅಂಗಡಿಯಲ್ಲಿ ಸಿಗದ ಕೊಂಡಿ

ಕಾರಿನ ಚಾಲಕ ದಿನಕ್ಕೆ ನೂರಾರು ಬಾರಿ ಮುಟ್ಟಿಯೂ ಒಮ್ಮೆಯೂ ಯೋಚಿಸದ ವಸ್ತುವೆಂದರೆ ಗೇರು ಲಿವರ್. ಕೈ ಚಾಚಿದಲ್ಲಿ ಅದು ಇರುತ್ತದೆ. ಮುಂದಕ್ಕೆ ತಳ್ಳಿದರೆ ಒಂದು ಗೇರು, ಹಿಂದಕ್ಕೆ ಎಳೆದರೆ ಇನ್ನೊಂದು. ಅದು ಅಲ್ಲಿಯೇ ಇರಬೇಕೆಂದು ಕಾರ್ಖಾನೆಯ ಎಂಜಿನಿಯರುಗಳು ಮೊದಲೇ ಲೆಕ್ಕ ಹಾಕಿರುತ್ತಾರೆ. ಆದರೆ ಒಂದು ಕಾರಿನ ಬಾಡಿ, ಇನ್ನೊಂದರ ಎಂಜಿನ್, ಮೂರನೆಯದರ ಗೇರ್‌ಬಾಕ್ಸ್ ತಂದು ಮನೆಯ ಶೆಡ್ಡಿನಲ್ಲಿ ಕಾರು ಕಟ್ಟುವವನಿಗೆ ಈ ಭಾಗ್ಯವಿಲ್ಲ. ಎಲ್ಲವನ್ನೂ ಜೋಡಿಸಿ ಸೀಟಿನಲ್ಲಿ ಕುಳಿತಾಗ, ಲಿವರ್ ಏಳಬೇಕಾದ ಜಾಗ ಸೀಟಿನ ಅಡಿಯಲ್ಲಿಯೋ ಡ್ಯಾಷ್‌ಬೋರ್ಡಿನ ಒಳಗೋ ಬಂದಿರುವುದು ಅವನಿಗೆ ಗೊತ್ತಾಗುತ್ತದೆ.

ಅಮೆರಿಕದಲ್ಲಿ ಹೀಗೆ ಕಟ್ಟಿದ ಕಾರುಗಳಿಗೆ ‘ಹಾಟ್ ರಾಡ್’ ಎಂದು ಹೆಸರು. ಹಳೆಯ ಕಾರಿನ ಅನಗತ್ಯ ಭಾಗಗಳನ್ನು ಕಳಚಿ, ತೂಕ ಇಳಿಸಿ, ಹೆಚ್ಚು ಬಲದ ಎಂಜಿನ್ ಕೂರಿಸಿ, ವೇಗಕ್ಕಾಗಿ ಸಜ್ಜುಗೊಳಿಸಿದ ವಾಹನವದು. ಅದರ ಎಂಜಿನ್, ಬಣ್ಣ, ಚಕ್ರಗಳ ಬಗ್ಗೆ ರಾಶಿರಾಶಿ ಬರವಣಿಗೆ ಇದೆ. ಲಿವರನ್ನು ಗೇರ್‌ಬಾಕ್ಸಿಗೆ ಸೇರಿಸುವ ಸರಳು, ತೋಳು, ಕೀಲುಗಳ ಕೊಂಡಿಯ ಬಗ್ಗೆ ಮಾತು ಕಡಿಮೆ. ಆದರೆ ಉಳಿದದ್ದನ್ನೆಲ್ಲ ದುಡ್ಡು ಕೊಟ್ಟು ತರಬಹುದಾದರೂ, ಬೇರೆ ಬೇರೆ ಕಾರುಗಳ ಭಾಗಗಳು ಒಂದಾಗುವ ಈ ಜಾಗದಲ್ಲಿ ಕೊಂಡಿಯನ್ನು ಹೆಚ್ಚಾಗಿ ಕೈಯಾರೆ ಮಾಡಿಕೊಳ್ಳಬೇಕು. ಹಾಟ್ ರಾಡ್ ಎಂದರೆ ಏನು ಎಂಬುದು ಈ ಕೊಂಡಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಎಂಜಿನ್ನಿನಲ್ಲಿಯೂ ಕಾಣುವುದಿಲ್ಲ.

ಬತ್ತಿದ ಸರೋವರಗಳ ಮೇಲೆ

ಲಾಸ್ ಏಂಜಲೀಸ್ ನಗರದ ಉತ್ತರಕ್ಕೆ ಬೆಟ್ಟಸಾಲು ದಾಟಿದರೆ ಮೊಹಾವಿ ಮರುಭೂಮಿ. ಅಲ್ಲಿ ನೀರು ಬತ್ತಿದ ಸರೋವರಗಳ ನೆಲ ಮೈಲುಗಟ್ಟಲೆ ಚಪ್ಪಟೆಯಾಗಿ, ಗಟ್ಟಿಯಾಗಿ ಹರಡಿಕೊಂಡಿದೆ. 1920 ಮತ್ತು 30ರ ದಶಕಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಯುವಕರು ತಮ್ಮ ಹಳೆಯ ಫೋರ್ಡ್ ಕಾರುಗಳನ್ನು ಮ್ಯೂರಾಕ್ ಎಂಬ ಇಂಥ ಒಂದು ಸರೋವರಕ್ಕೆ ತಂದು ವೇಗ ಪರೀಕ್ಷಿಸುತ್ತಿದ್ದರು. 1937ರಲ್ಲಿ ಹಲವು ಕ್ಲಬ್ಬುಗಳು ಸೇರಿ ‘ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್’ ಕಟ್ಟಿಕೊಂಡವು. ಮುಂದೆ ಮ್ಯೂರಾಕ್ ಸೇನೆಯ ವಶಕ್ಕೆ ಹೋಯಿತು. ಇಂದಿನ ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲಿಯೇ.

ಈ ಹುಡುಗರ ಬಳಿ ಹಣವಿರಲಿಲ್ಲ. ಅವರಿಗೆ ನೆರವಾದದ್ದು ಗುಜರಿ. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ‘ಟಿ’ ಮಾದರಿಯ ಕಾರುಗಳನ್ನು ತಯಾರಿಸಿತ್ತು. ನಂತರ ‘ಎ’ ಮಾದರಿ ಬಂತು. 1932ರಲ್ಲಿ ಸಾಮಾನ್ಯರ ಕೈಗೆಟಕುವ ಬೆಲೆಗೆ, ‘ವಿ’ ಆಕಾರದಲ್ಲಿ ಎಂಟು ಸಿಲಿಂಡರುಗಳಿದ್ದ 65 ಅಶ್ವಶಕ್ತಿಯ ಎಂಜಿನ್ ಬಂತು. ‘ಫ್ಲಾಟ್‌ಹೆಡ್’ ಎಂದು ಹೆಸರಾದ ಈ ಎಂಜಿನ್ ಮತ್ತು ‘ಡ್ಯೂಸ್’ ಎಂಬ ಅಡ್ಡಹೆಸರಿನ 1932ರ ಫೋರ್ಡ್ ಬಾಡಿ, ಎರಡೂ ಹಾಟ್ ರಾಡ್ ಲೋಕದ ಆರಾಧ್ಯ ವಸ್ತುಗಳಾದವು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಲ್ಲಿ ಅನೇಕರು ಮೆಕ್ಯಾನಿಕ್ ಕೆಲಸ ಕಲಿತು ಬಂದಿದ್ದರಿಂದ ಈ ಹವ್ಯಾಸ ದೇಶದಾದ್ಯಂತ ಹಬ್ಬಿತು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಪತ್ರಿಕೆ ಆರಂಭವಾಯಿತು. 1951ರಲ್ಲಿ ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಸ್ಥಾಪನೆಯಾಯಿತು.

ಲಿವರ್ ಜಾಗ ಬದಲಿಸಿದ ಕಥೆ

‘ಟಿ’ ಮಾದರಿಯಲ್ಲಿ ಇಂದಿನ ಅರ್ಥದ ಗೇರು ಲಿವರ್ ಇರಲೇ ಇಲ್ಲ. ಗೇರು ಬದಲಿಸುವ ಕೆಲಸ ಬಹುಮಟ್ಟಿಗೆ ಕಾಲಿನದು. ‘ಎ’ ಮಾದರಿಯಿಂದ 1939ರವರೆಗಿನ ಫೋರ್ಡ್ ಕಾರುಗಳಲ್ಲಿ ಲಿವರ್ ಗೇರ್‌ಬಾಕ್ಸಿನ ನೆತ್ತಿಯಿಂದ ನೇರವಾಗಿ ಮೇಲೆದ್ದು ನೆಲದ ರಂಧ್ರದ ಮೂಲಕ ಚಾಲಕನ ಕೈಗೆ ಬರುತ್ತಿತ್ತು. ಲಿವರಿನ ಬುಡವೇ ಗೇರುಗಳನ್ನು ದೂಡುತ್ತಿದ್ದುದರಿಂದ ನಡುವೆ ಬೇರೆ ಕೊಂಡಿ ಬೇಕಿರಲಿಲ್ಲ. 1939ರ ಫೋರ್ಡ್ ಗೇರ್‌ಬಾಕ್ಸಿಗೆ ಹಾಟ್ ರಾಡ್ ಕಟ್ಟುವವರಲ್ಲಿ ಇಂದಿಗೂ ಇರುವ ಬೇಡಿಕೆಗೆ ಇದೂ ಒಂದು ಕಾರಣ.

1930ರ ದಶಕದ ಕೊನೆಯಲ್ಲಿ ಅಮೆರಿಕದ ಕಂಪನಿಗಳು ಲಿವರನ್ನು ನೆಲದಿಂದ ಎತ್ತಿ ಸ್ಟೀರಿಂಗ್ ಕಂಬಕ್ಕೆ ಕಟ್ಟಿದವು. ಫೋರ್ಡ್ 1940ರ ಮಾದರಿಯಿಂದ ಇದನ್ನು ಅನುಸರಿಸಿತು. ಮುಂದಿನ ಉದ್ದನೆಯ ಸೀಟಿನಲ್ಲಿ ಮೂವರು ಕುಳಿತರೂ ಕಾಲಿಗೆ ಅಡ್ಡಿಯಿಲ್ಲ ಎಂಬುದು ಅದರ ಅನುಕೂಲ. ಭಾರತದ ಓದುಗರಿಗೆ ಇದು ಹೊಸತಲ್ಲ. ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಬಹುಕಾಲ ಇದ್ದದ್ದು ಇದೇ ಏರ್ಪಾಟು. ಸ್ಟೀರಿಂಗ್ ಕಂಬದ ಉದ್ದಕ್ಕೂ ಇಳಿದ ಸರಳುಗಳು ಗೇರ್‌ಬಾಕ್ಸ್ ತಲುಪುತ್ತಿದ್ದವು. ಬುಷ್‌ಗಳು ಸವೆದಾಗ ಗೇರು ಸಿಕ್ಕಿಕೊಂಡು, ಚಾಲಕ ಕೆಳಗಿಳಿದು ಬಾನೆಟ್ ಎತ್ತಿ ಕೈಯಿಂದಲೇ ಅದನ್ನು ಬಿಡಿಸುತ್ತಿದ್ದ ದೃಶ್ಯ ಹಲವರಿಗೆ ನೆನಪಿರಬಹುದು.

ಅಮೆರಿಕದ ಆಡುಮಾತಿನಲ್ಲಿ ಈ ವ್ಯವಸ್ಥೆಗೆ ‘ಮರದ ಮೇಲಿನ ಮೂರು’ ಎಂದು ತಮಾಷೆಯ ಹೆಸರು. ಮರವೆಂದರೆ ಸ್ಟೀರಿಂಗ್ ಕಂಬ, ಮೂರು ಎಂದರೆ ಗೇರುಗಳು. ವೇಗವಾಗಿ ಗೇರು ಬದಲಿಸಬೇಕಾದ ಹಾಟ್ ರಾಡ್ ಚಾಲಕರಿಗೆ ಇದು ಹಿಡಿಸಲಿಲ್ಲ. ಅವರಿಗೆ ಲಿವರ್ ಮತ್ತೆ ನೆಲದ ಮೇಲೆಯೇ ಬೇಕಿತ್ತು. ಆದರೆ ಸ್ಟೀರಿಂಗ್ ಕಂಬಕ್ಕಾಗಿ ರಚಿಸಿದ ಗೇರ್‌ಬಾಕ್ಸಿನ ನೆತ್ತಿಯಲ್ಲಿ ಲಿವರ್ ಕೂರಿಸುವ ಜಾಗವೇ ಇರಲಿಲ್ಲ. ಅದರ ಪಕ್ಕದಿಂದ ಹೊರಚಾಚಿದ ಎರಡು ತೋಳುಗಳಷ್ಟೇ ಇದ್ದವು.

ಅಷ್ಟರಲ್ಲಿ ಎಂಜಿನ್ನುಗಳೂ ಬದಲಾದವು. 1949ರಲ್ಲಿ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೀಲ್, 1955ರಲ್ಲಿ ಷೆವ್ರೊಲೆ ಕಂಪನಿಗಳು ಹೊಸ ಬಗೆಯ ವಿ-8 ಎಂಜಿನ್ನುಗಳನ್ನು ತಂದವು. ಫ್ಲಾಟ್‌ಹೆಡ್ ಹಿಂದೆ ಸರಿಯಿತು. ಹೊಸ ಎಂಜಿನ್ನಿನ ಹಿಂದೆ ಹೊಸ ಗೇರ್‌ಬಾಕ್ಸ್ ಬಂತು. ದೊಡ್ಡ ಕಾರಿನ ಉದ್ದಕ್ಕೆ ಹೊಂದುವಂತೆ ಮಾಡಿದ ಆ ಜೋಡಿಯನ್ನು 1932ರ ಫೋರ್ಡಿನ ಗಿಡ್ಡ ಚೌಕಟ್ಟಿನಲ್ಲಿ ಇಟ್ಟಾಗ, ಲಿವರ್ ಏಳುವ ಜಾಗ ಸೀಟಿನ ಕೆಳಗೆ ಹೋಗುವುದು ಸಾಮಾನ್ಯ. ರೇಡಿಯೇಟರಿಗೆ ಜಾಗ ಬಿಡಲು ಎಂಜಿನ್ನನ್ನು ಹಿಂದಕ್ಕೆ ಸರಿಸಿದರೆ ಸಮಸ್ಯೆ ಇನ್ನೂ ಹೆಚ್ಚು. ಹೀಗೆ ಕೊಂಡಿ ಅನಿವಾರ್ಯವಾಯಿತು.

ಎಚ್ ಅಕ್ಷರದ ಗುಟ್ಟು

ಮೂರು ಗೇರುಗಳ ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಎರಡು ತೋಳುಗಳಲ್ಲಿ ಒಂದು ಮೊದಲನೆಯ ಮತ್ತು ರಿವರ್ಸ್ ಗೇರುಗಳದು, ಇನ್ನೊಂದು ಎರಡನೆಯ ಮತ್ತು ಮೂರನೆಯ ಗೇರುಗಳದು. ಪ್ರತಿ ತೋಳಿಗೂ ಮೂರು ನೆಲೆಗಳು: ಮುಂದೆ, ಮಧ್ಯ, ಹಿಂದೆ. ಮಧ್ಯದಲ್ಲಿದ್ದರೆ ನ್ಯೂಟ್ರಲ್.

ಆದ್ದರಿಂದ ಲಿವರಿಗೆ ಎರಡು ಕೆಲಸ. ಅಡ್ಡಡ್ಡ ಸರಿದಾಗ ಯಾವ ತೋಳನ್ನು ಹಿಡಿಯಬೇಕೆಂದು ಆರಿಸಬೇಕು, ಹಿಂದೆ ಮುಂದೆ ಸರಿದಾಗ ಆರಿಸಿದ ತೋಳನ್ನು ಚಲಿಸಬೇಕು. ಲಿವರಿನ ಗುಂಡಿಯ ಮೇಲೆ ಕೆತ್ತಿರುವ ಇಂಗ್ಲಿಷಿನ ಎಚ್ ಅಕ್ಷರ ಇದರ ನಕ್ಷೆಯೇ. ಎರಡು ಉದ್ದಗೆರೆಗಳು ಎರಡು ತೋಳುಗಳು, ನಡುವಿನ ಅಡ್ಡಗೆರೆ ನ್ಯೂಟ್ರಲ್. ಒಂದು ತೋಳು ಪೂರ್ತಿ ಮಧ್ಯಕ್ಕೆ ಮರಳುವ ಮೊದಲೇ ಇನ್ನೊಂದು ಹೊರಟರೆ ಎರಡೂ ಸಿಕ್ಕಿಬೀಳುತ್ತವೆ. ಎರಡು ಗೇರು ಒಟ್ಟಿಗೆ ಬೀಳದಂತೆ ತಡೆಯುವುದು ಒಳ್ಳೆಯ ಕೊಂಡಿಯ ಮೊದಲ ಧರ್ಮ.

ರಟ್ಟಿನಿಂದ ಉಕ್ಕಿಗೆ

ಅನುಭವಿಗಳು ಮೊದಲು ಉಕ್ಕನ್ನು ಮುಟ್ಟುವುದಿಲ್ಲ. ಸೀಟು, ಸ್ಟೀರಿಂಗ್, ಪೆಡಲುಗಳನ್ನು ಅವುಗಳ ಜಾಗದಲ್ಲಿಟ್ಟು, ಚಾಲಕನನ್ನು ಕೂರಿಸಿ, ಅವನ ಕೈ ಸಹಜವಾಗಿ ಬೀಳುವ ಜಾಗವನ್ನು ಗುರುತಿಸುತ್ತಾರೆ. ಗುಂಡಿ ಬರಬೇಕಾದದ್ದು ಅಲ್ಲಿ. ಮೊದಲನೆಯ ಗೇರಿನಲ್ಲಿ ಮೊಣಕಾಲಿಗೆ, ರಿವರ್ಸ್‌ನಲ್ಲಿ ಡ್ಯಾಷ್‌ಬೋರ್ಡಿಗೆ ಅದು ತಾಗಬಾರದು. ಅಲ್ಲಿಂದ ಗೇರ್‌ಬಾಕ್ಸಿನ ತೋಳಿನವರೆಗೆ ದಪ್ಪ ರಟ್ಟನ್ನು ಕತ್ತರಿಸಿ ನಮೂನೆ ಮಾಡುತ್ತಾರೆ. ಸೈಲೆನ್ಸರ್ ಪೈಪು, ಕ್ಲಚ್ಚಿನ ಸರಳು, ಚೌಕಟ್ಟಿನ ಅಡ್ಡಪಟ್ಟಿ ಎಲ್ಲಿ ಅಡ್ಡ ಬರುತ್ತವೆ ಎಂಬುದು ರಟ್ಟಿನಲ್ಲಿಯೇ ತಿಳಿದುಬಿಡುತ್ತದೆ.

ಮುಂದಿನದು ಏತದ ಲೆಕ್ಕ. ಲಿವರ್ ತಿರುಗುವ ಕೀಲಿನಿಂದ ಮೇಲಕ್ಕೆ 12 ಇಂಚು, ಕೆಳಕ್ಕೆ 3 ಇಂಚು ಇದೆ ಎಂದುಕೊಳ್ಳೋಣ. ಆಗ ಕೆಳಗಿನ ಸರಳು ಒಂದು ಇಂಚು ಸರಿಯಲು ಮೇಲಿನ ಗುಂಡಿ ನಾಲ್ಕು ಇಂಚು ಸರಿಯಬೇಕು. ಕೆಳಗಿನ ಭಾಗವನ್ನು 2 ಇಂಚಿಗೆ ಇಳಿಸಿದರೆ ಗುಂಡಿ ಆರು ಇಂಚು ಓಡಬೇಕು, ಆದರೆ ಕೈಗೆ ಹಗುರ. 4 ಇಂಚಿಗೆ ಏರಿಸಿದರೆ ಮೂರೇ ಇಂಚು ಸಾಕು, ಆದರೆ ಕೈಗೆ ಭಾರ. ಓಟದ ಕಾರಿನವನು ಗಿಡ್ಡ ಎಳೆತ ಬಯಸುತ್ತಾನೆ, ದಿನಬಳಕೆಯವನು ಹಗುರವಾದದ್ದನ್ನು. ಎರಡನ್ನೂ ಒಟ್ಟಿಗೆ ಪಡೆಯುವ ಉಪಾಯ ಏತದಲ್ಲಿ ಇಲ್ಲ.

ಸರಳನ್ನು ಕೀಲಿನ ಕೆಳಗೆ ಕಟ್ಟುವುದೋ ಮೇಲೆ ಕಟ್ಟುವುದೋ ಎಂಬುದೂ ಮುಖ್ಯ. ಕೆಳಗೆ ಕಟ್ಟಿದರೆ ಗುಂಡಿ ಮುಂದಕ್ಕೆ ಹೋದಾಗ ಸರಳು ಹಿಂದಕ್ಕೆ ಬರುತ್ತದೆ. ಮೇಲೆ ಕಟ್ಟಿದರೆ ಎರಡೂ ಒಂದೇ ದಿಕ್ಕಿಗೆ. ಇದನ್ನು ಮರೆತರೆ ಎಚ್ ಅಕ್ಷರ ತಲೆಕೆಳಗಾಗಿ, ಮೊದಲನೆಯ ಗೇರಿನ ಜಾಗಕ್ಕೆ ರಿವರ್ಸ್ ಬಂದು ಕೂರುತ್ತದೆ. ಮುಂದೆ ಹೋಗಬೇಕಾದ ಕಾರು ಹಿಂದಿನ ಗೋಡೆಗೆ ಗುದ್ದುತ್ತದೆ.

ಮೂರನೆಯದು ಕೋನ. ನ್ಯೂಟ್ರಲ್‌ನಲ್ಲಿರುವಾಗ ತೋಳಿಗೂ ಸರಳಿಗೂ ನಡುವೆ ಸರಿಯಾಗಿ ಲಂಬಕೋನ ಇದ್ದರೆ, ಎರಡೂ ಕಡೆಯ ಚಲನೆ ಸಮವಾಗಿರುತ್ತದೆ. ಕೋನ ತಪ್ಪಿದರೆ ಒಂದು ಗೇರು ಪೂರ್ತಿ ಕೂರುತ್ತದೆ, ಅದರ ಎದುರಿನದು ಅರ್ಧ ಮಾತ್ರ. ಅರ್ಧ ಕೂತ ಗೇರು ಭಾರ ಬಿದ್ದಾಗ ಜಿಗಿದು ನ್ಯೂಟ್ರಲ್‌ಗೆ ಬರುತ್ತದೆ. ಏರಿನಲ್ಲಿ ಅಥವಾ ಇನ್ನೊಂದು ವಾಹನವನ್ನು ಹಿಂದಿಕ್ಕುವಾಗ ಹೀಗಾದರೆ ಎಂಜಿನ್ ಕಿರುಚುತ್ತದೆಯೇ ಹೊರತು ಕಾರು ಮುಂದೆ ಹೋಗುವುದಿಲ್ಲ. ಗೇರಿನ ಹಲ್ಲುಗಳೂ ಸವೆಯುತ್ತವೆ.

ಸಡಿಲದ ಲೆಕ್ಕ

ಸರಳಿಗೆ ಸಾಮಾನ್ಯವಾಗಿ ಬಳಸುವುದು 5/16 ಅಥವಾ 3/8 ಇಂಚು ದಪ್ಪದ ಉಕ್ಕು. ನೇರ ಸರಳು ಉತ್ತಮ. ಅಡಚಣೆ ತಪ್ಪಿಸಲು ಬಾಗಿಸಿದಷ್ಟೂ ಅದು ಸ್ಪ್ರಿಂಗಿನಂತೆ ಬಳುಕಿ, ಕೈಯ ಬಲವನ್ನು ತಾನೇ ನುಂಗುತ್ತದೆ.

ಸರಳಿನ ತುದಿಗಳಲ್ಲಿರುವ ಕೀಲುಗಳಲ್ಲಿ ಮೆಕ್ಯಾನಿಕ್‌ಗಳು ‘ಪ್ಲೇ’ ಎನ್ನುವ ಸಡಿಲ ಇದ್ದೇ ಇರುತ್ತದೆ. ಒಂದೊಂದರಲ್ಲಿ ಇಂಚಿನ ಹದಿನಾರನೇ ಒಂದು ಭಾಗ ಎಂದರೆ ಸುಮಾರು ಒಂದೂವರೆ ಮಿಲಿಮೀಟರು, ಅಷ್ಟೇನೂ ಅಲ್ಲ ಅನ್ನಿಸಬಹುದು. ಆದರೆ ಸಾಲಾಗಿ ನಾಲ್ಕು ಕೀಲುಗಳಿದ್ದರೆ ಕಾಲು ಇಂಚಾಯಿತು. ಲಿವರಿನ ಏತ ಅದನ್ನು ನಾಲ್ಕು ಪಟ್ಟು ಹಿಗ್ಗಿಸಿದಾಗ ಗುಂಡಿಯಲ್ಲಿ ಪೂರಾ ಒಂದು ಇಂಚಿನ ತೂಗಾಟ. ಗೇರು ಬಿದ್ದಿದೆಯೋ ಇಲ್ಲವೋ ಎಂಬುದು ಕೈಗೆ ತಿಳಿಯುವುದೇ ಇಲ್ಲ. ಆದ್ದರಿಂದಲೇ ಬಲ್ಲವರು ಕೀಲುಗಳ ಸಂಖ್ಯೆಯನ್ನು ಆದಷ್ಟು ಕಡಿಮೆ ಮಾಡುತ್ತಾರೆ. ರಂಧ್ರಕ್ಕೆ ಬೋಲ್ಟು ತೂರಿಸುವ ಬದಲು, ಗೂಡಿನೊಳಗೆ ಉಕ್ಕಿನ ಗೋಲಿ ತಿರುಗುವ ಕೀಲನ್ನು ಹಾಕುತ್ತಾರೆ. ಅಮೆರಿಕದಲ್ಲಿ ಇದಕ್ಕೆ ‘ಹೈಮ್ ಜಾಯಿಂಟ್’, ಇಂಗ್ಲೆಂಡಿನಲ್ಲಿ ‘ರೋಸ್ ಜಾಯಿಂಟ್’ ಎಂದು ಹೆಸರು. ಎರಡೂ ಅದನ್ನು ತಯಾರಿಸಿದ ಕಂಪನಿಗಳಿಂದ ಬಂದ ಹೆಸರುಗಳು. ಗೋಲಿ ಗೂಡಿನಿಂದ ಕಳಚಿಕೊಂಡರೂ ಸರಳು ಕೆಳಗೆ ಬೀಳದಂತೆ, ಕೀಲಿನ ಹೊರಬದಿಗೆ ಗೂಡಿನ ಬಾಯಿಗಿಂತ ದೊಡ್ಡದಾದ ವಾಷರ್ ಹಾಕುವುದು ವಾಡಿಕೆ.

ಸರಳಿನ ಒಂದು ತುದಿಗೆ ಬಲಮರೆ, ಇನ್ನೊಂದಕ್ಕೆ ಎಡಮರೆ ಕೊರೆದರೆ, ಅದನ್ನು ಕಳಚದೆಯೇ ತಿರುಗಿಸಿ ಉದ್ದ ಹೊಂದಿಸಬಹುದು. ಇಂಚಿಗೆ 24 ಮರೆಗಳಿದ್ದರೆ ಒಂದು ಸುತ್ತಿಗೆ ಇಂಚಿನ ಹನ್ನೆರಡನೇ ಒಂದು ಭಾಗ ವ್ಯತ್ಯಾಸ. ಹೊಂದಾಣಿಕೆ ಶುರುವಾಗುವುದು ಯಾವಾಗಲೂ ನ್ಯೂಟ್ರಲ್‌ನಿಂದ. ಗೇರ್‌ಬಾಕ್ಸಿನ ತೋಳುಗಳನ್ನು ಮಧ್ಯದಲ್ಲಿಟ್ಟು, ಲಿವರಿನ ಬುಡದ ತಟ್ಟೆಗಳಲ್ಲಿರುವ ರಂಧ್ರಗಳ ಮೂಲಕ ಕಾಲು ಇಂಚಿನ ಕಡ್ಡಿಯೊಂದನ್ನು ತೂರಿಸಿ, ಅದು ಸಲೀಸಾಗಿ ಹೊಕ್ಕು ಹೊರಬರುವವರೆಗೆ ಸರಳುಗಳನ್ನು ತಿರುಗಿಸುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ರಬ್ಬರ್ ಮೆತ್ತೆಗಳ ಮೇಲೆ ಕುಳಿತಿರುತ್ತವೆ. ವೇಗ ಹೆಚ್ಚಿಸಿದಾಗ ಅವು ಪಕ್ಕಕ್ಕೆ ಹೊರಳುತ್ತವೆ. ಲಿವರನ್ನು ಕಾರಿನ ನೆಲಕ್ಕೆ ಬಿಗಿದಿದ್ದರೆ, ಗೇರ್‌ಬಾಕ್ಸ್ ಹೊರಳಿದಾಗ ಕೊಂಡಿ ತಾನಾಗಿಯೇ ಎಳೆದು ಗೇರನ್ನು ಹೊರಹಾಕೀತು. ಲಿವರಿನ ಪೀಠವನ್ನು ಗೇರ್‌ಬಾಕ್ಸಿಗೇ ಬಿಗಿದರೆ ಎರಡೂ ಒಟ್ಟಿಗೆ ಅಲುಗುತ್ತವೆ, ತೊಂದರೆಯಿಲ್ಲ. ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಈ ದೋಷ ಕಾಣುವುದೇ ಇಲ್ಲ. ರಸ್ತೆಗಿಳಿದ ಮೇಲೆಯೇ ಅದು ಬಯಲಾಗುವುದು.

ಅಕ್ಷರಗಳು ಸುಳ್ಳು ಹೇಳಿದಾಗ

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿದರೆ ಈ ತಲೆನೋವು ತಪ್ಪೀತು ಎಂದು ಅನ್ನಿಸಬಹುದು. ಅಲ್ಲಿ ಸರಳು ಒಂದೇ, ನಿಜ. ಆದರೆ ಗೇರ್‌ಬಾಕ್ಸಿನೊಳಗಿನ ಹಲ್ಲುಪಟ್ಟಿಯ ಪ್ರತಿ ಕಚ್ಚೂ ಲಿವರಿನ ಮುಂದಿರುವ ಪಿ, ಆರ್, ಎನ್, ಡಿ ಅಕ್ಷರಗಳಿಗೆ ಕರಾರುವಾಕ್ಕಾಗಿ ತಾಳೆಯಾಗಬೇಕು. ಲಿವರ್ ‘ಪಾರ್ಕ್’ ತೋರಿಸುತ್ತಿದ್ದು, ಒಳಗೆ ಮಾತ್ರ ಪಾರ್ಕಿಗೂ ರಿವರ್ಸಿಗೂ ನಡುವೆ ನಿಂತಿದ್ದರೆ, ಎಂಜಿನ್ ಚಾಲೂ ಇಟ್ಟು ಕೆಳಗಿಳಿದವನ ಮೇಲೆಯೇ ಕಾರು ಹಿಂದಕ್ಕೆ ಉರುಳಿ ಬರಬಹುದು.

ಹಳೆಯ ಕಾರುಗಳಲ್ಲಿ ಅಪಾಯ ಇನ್ನೂ ಹೆಚ್ಚು. 1950ರ ದಶಕದ ಹಲವು ಅಮೆರಿಕನ್ ಕಾರುಗಳಲ್ಲಿ ರಿವರ್ಸ್ ಇದ್ದದ್ದು ಸಾಲಿನ ಕೊಟ್ಟಕೊನೆಯಲ್ಲಿ, ಮುಂದೆ ಹೋಗುವ ‘ಲೋ’ ಗೇರಿನ ಪಕ್ಕದಲ್ಲಿ. ಮುಂದಿನ ಮತ್ತು ಹಿಂದಿನ ಗೇರುಗಳ ನಡುವೆ ನ್ಯೂಟ್ರಲ್ ಇರಲೇಬೇಕು, ಗೇರಿನಲ್ಲಿದ್ದಾಗ ಸ್ಟಾರ್ಟರ್ ತಿರುಗಲೇಬಾರದು ಎಂಬ ನಿಯಮವನ್ನು ಅಮೆರಿಕ ಸರ್ಕಾರ ಜಾರಿಗೆ ತಂದದ್ದು 1968ರ ಮಾದರಿಯ ಕಾರುಗಳ ಕಾಲದಲ್ಲಿ. ಅಂದಕ್ಕಾಗಿ ಹಳೆಯ ಕಾರಿನ ಅಕ್ಷರಫಲಕವನ್ನು ಉಳಿಸಿಕೊಂಡು ಕೆಳಗೆ ಹೊಸ ಗೇರ್‌ಬಾಕ್ಸ್ ಹಾಕಿದವನ ಕಾರಿನಲ್ಲಿ ಅಕ್ಷರ ಒಂದು, ಗೇರು ಇನ್ನೊಂದು. ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ತನ್ನ ಓಟಗಳಿಗೆ ಬರುವ ಆಟೊಮ್ಯಾಟಿಕ್ ಕಾರುಗಳಲ್ಲಿ, ಅಚಾತುರ್ಯದಿಂದ ರಿವರ್ಸ್ ಬೀಳದಂತೆ ತಡೆಯುವ ಅಗುಳಿ ಮತ್ತು ಗೇರಿನಲ್ಲಿ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ ಇರಬೇಕೆಂದು ಕಡ್ಡಾಯ ಮಾಡಿರುವುದು ಇದಕ್ಕಾಗಿಯೇ.

ಕೈಗೆಲಸ ಸರಕಾದಾಗ

ಶೆಡ್ಡಿನ ಈ ವಿದ್ಯೆಯನ್ನು ವ್ಯಾಪಾರವಾಗಿಸಿದವರಲ್ಲಿ ಪ್ರಮುಖರು ಪೆನ್ಸಿಲ್ವೇನಿಯದ ಜಾರ್ಜ್ ಹರ್ಸ್ಟ್. ಸ್ಟೀರಿಂಗ್ ಕಂಬದ ಗೇರನ್ನು ನೆಲಕ್ಕೆ ಇಳಿಸಿಕೊಳ್ಳುವ ಗಟ್ಟಿಮುಟ್ಟಾದ ಲಿವರುಗಳಿಂದ ಅವರ ಕಂಪನಿ 1950ರ ದಶಕದ ಕೊನೆಯ ಹೊತ್ತಿಗೆ ಹೆಸರು ಮಾಡಿತು. 1964ರ ಪಾಂಟಿಯಾಕ್ ಜಿಟಿಒ ಕಾರು ಹರ್ಸ್ಟ್ ಲಿವರ್ ಸಮೇತ ಕಾರ್ಖಾನೆಯಿಂದಲೇ ಹೊರಬಂತು. ಹಾಟ್ ರಾಡ್ ಹುಡುಗರು ಕೈಯಾರೆ ಮಾಡಿಕೊಳ್ಳುತ್ತಿದ್ದುದನ್ನು ದೊಡ್ಡ ಕಂಪನಿಯೊಂದು ತನ್ನ ಕಾರಿನ ಹೆಗ್ಗಳಿಕೆಯನ್ನಾಗಿ ಮಾಡಿಕೊಂಡಿತು. ಅಪಘಾತದಲ್ಲಿ ನಜ್ಜುಗುಜ್ಜಾದ ವಾಹನವನ್ನು ಸೀಳಿ ಒಳಗಿರುವವರನ್ನು ಹೊರತೆಗೆಯುವ, ‘ಜೀವದ ದವಡೆ’ ಎಂಬ ಅರ್ಥದ ಹೆಸರಿರುವ ಉಪಕರಣವನ್ನು ರೂಪಿಸಿದ್ದೂ ಇದೇ ಹರ್ಸ್ಟ್ ಅವರ ಕಂಪನಿ. ಇಂದು ಅಗ್ನಿಶಾಮಕ ದಳಗಳು ಅದನ್ನು ಬಳಸುತ್ತವೆ.

ಕೊಂಡಿಯೇ ಬೇಡವಾಗುವಂಥ ಗೇರ್‌ಬಾಕ್ಸನ್ನು ಹುಡುಕುವವರೂ ಇದ್ದಾರೆ. ಬೋರ್ಗ್-ವಾರ್ನರ್ ಕಂಪನಿಯ ಟಿ-5 ಎಂಬ ಐದು ಗೇರಿನ ಪೆಟ್ಟಿಗೆ 1980ರ ದಶಕದಲ್ಲಿ ಹಲವು ಕಾರುಗಳಲ್ಲಿ ಬಂತು. ಅದರಲ್ಲಿಯೂ ಷೆವ್ರೊಲೆ ಎಸ್-10 ಎಂಬ ಸಣ್ಣ ಪಿಕಪ್ಪಿನಲ್ಲಿ ಬಂದದ್ದಕ್ಕೆ ಹಾಟ್ ರಾಡ್ ವಲಯದಲ್ಲಿ ಬೇಡಿಕೆ ಹೆಚ್ಚು. ಅದರ ಲಿವರ್ ಉಳಿದವುಗಳಿಗಿಂತ ಮುಂದೆ ಏಳುವುದರಿಂದ ಹಳೆಯ ಫೋರ್ಡಿನಲ್ಲಿ ಸೀಟಿನ ಕೆಳಗೆ ಹೋಗುವುದಿಲ್ಲ. ಲಿವರಿನ ಜಾಗವೊಂದೇ ಗೇರ್‌ಬಾಕ್ಸಿನ ಬೇಡಿಕೆಯನ್ನು ಏರಿಸುತ್ತದೆ ಎಂದರೆ, ಕೊಂಡಿ ಮಾಡುವುದು ಎಷ್ಟು ಕಷ್ಟದ ಕೆಲಸ ಎಂಬುದನ್ನು ಊಹಿಸಬಹುದು.

ಹಾಟ್ ರಾಡ್ ಇಂದು ಗುಜರಿ ಹುಡುಗರ ಆಟಿಕೆಯಾಗಿ ಉಳಿದಿಲ್ಲ. 1973ರ ‘ಅಮೆರಿಕನ್ ಗ್ರಾಫಿಟಿ’ ಚಲನಚಿತ್ರದ ಹಳದಿ ಬಣ್ಣದ 1932ರ ಫೋರ್ಡ್ ಅದನ್ನು ಜಗತ್ತಿಗೆ ಪರಿಚಯಿಸಿತು. ಸಿರಿವಂತರ ಹಳೆಯ ಕಾರುಗಳ ಪ್ರತಿಷ್ಠಿತ ಪೆಬಲ್ ಬೀಚ್ ಪ್ರದರ್ಶನ 1997ರಲ್ಲಿ ಹಾಟ್ ರಾಡ್‌ಗಳಿಗೆ ಪ್ರತ್ಯೇಕ ವಿಭಾಗ ತೆರೆಯಿತು. 2014ರಲ್ಲಿ ಅಮೆರಿಕದ ಅಂಚೆ ಇಲಾಖೆ ಅಂಚೆಚೀಟಿಯನ್ನೂ ಹೊರತಂದಿತು. 1932ರ ಫೋರ್ಡ್ ಬಾಡಿಯನ್ನು ಈಗ ಹೊಸದಾಗಿಯೇ ಅಚ್ಚು ಹಾಕಿ ಮಾರುತ್ತಾರೆ. ಎಂಜಿನ್ನು ಪೆಟ್ಟಿಗೆಯಲ್ಲಿ ಬಂದಿಳಿಯುತ್ತದೆ.

ಇಂಥ ಕಾರುಗಳಿಗೆ ಕಾರ್ಖಾನೆಯ ಕೈಪಿಡಿ ಇಲ್ಲ, ಬಿಡಿಭಾಗದ ನಂಬರಿಲ್ಲ. ಕಟ್ಟಿದವನು ಇಲ್ಲವಾದ ಮೇಲೆ ಕಾರು ಮಗನಿಗೋ ಹರಾಜಿಗೋ ಹೋಗುತ್ತದೆ. ಒಂದು ದಿನ ಸರಳಿನ ತುದಿ ಮುರಿದಾಗ, ಎಂಜಿನ್ನಿನ ಭಾಗಗಳು ಅಂಚೆಯಲ್ಲಿ ಬಂದಾವು, ಆ ಸರಳು ಮಾತ್ರ ಬರದು. ಹೊಸ ಒಡೆಯ ಕಾರಿನ ಅಡಿಗೆ ತೂರಿ, ಈ ಬಾಗು ಇಲ್ಲಿ ಏಕಿದೆ, ಈ ತೋಳು ಇಷ್ಟೇ ಉದ್ದ ಏಕಿದೆ ಎಂದು ಒಂದೊಂದಾಗಿ ಅರ್ಥ ಮಾಡಿಕೊಳ್ಳಬೇಕು. ಬಾಗು ಸೈಲೆನ್ಸರ್ ಪೈಪನ್ನು ತಪ್ಪಿಸಲು, ಉದ್ದ ಮೊದಲ ಒಡೆಯನ ಕೈಯ ಅಳತೆಗೆ. ಅಷ್ಟು ತಿಳಿದ ಮೇಲೆ ಅವನೂ ತನ್ನ ಕೈ ಬೀಳುವ ಜಾಗವನ್ನು ಗುರುತಿಸಿ, ರಟ್ಟು ಕತ್ತರಿಸಿ, ಹೊಸ ಸರಳಿನ ಅಳತೆ ಹಿಡಿಯಬೇಕು.